ಫೋಟೋದ ನೀಲಿ ನಮಗೇಕೆ ಸಿಗಲಿಲ್ಲ?

ಬೆಟ್ಟದ ಮೇಲಿನ ಸರೋವರಗಳ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಣ್ಣದ ಬಗ್ಗೆಯೇ ಇವೆ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ಮೇ ಕೊನೆಯಲ್ಲಿ ಕೆನಡಾದ ಲೇಕ್ ಲೂಯಿಸ್‌ಗೆ ಹೋಗಿದ್ದೆವು. ಫೋಟೋಗಳಲ್ಲಿ ಕಾಣುವ ಆ ಹಸಿರುನೀಲಿ ಎಲ್ಲೂ ಇರಲಿಲ್ಲ. ಬರೀ ಮಂಜುಗಡ್ಡೆ, ದಡದಲ್ಲಿ ಒಂದಿಷ್ಟು ಕಪ್ಪು ನೀರು. ಆ ಫೋಟೋಗಳೆಲ್ಲ ಆಮೇಲೆ ಬಣ್ಣ ಹಚ್ಚಿದವಾ?

ಅಲ್ಲ. ಆದರೆ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನೂ ಮೊದಲ ಸಲ ಅದೇ ಸಮಯಕ್ಕೆ ಹೋಗಿ ಮುಖ ಸಪ್ಪೆ ಮಾಡಿಕೊಂಡು ಬಂದವಳು. 'ಆಗ ಜನ ಕಡಿಮೆ ಇರ್ತಾರೆ ಮೇಡಂ' ಎಂದಿದ್ದರು ಪ್ರವಾಸದವರು. ಸುಳ್ಳೇನಲ್ಲ, ಜನ ಇರಲಿಲ್ಲ. ಸರೋವರವೂ ಇರಲಿಲ್ಲ! ಸುಮಾರು 1,730 ಮೀಟರ್ ಎತ್ತರದ ಆ ನೀರಿನ ಮೇಲಿನ ಮಂಜು ಪೂರ್ತಿ ಕರಗುವಷ್ಟರಲ್ಲಿ ಸಾಮಾನ್ಯವಾಗಿ ಜೂನ್ ಬಂದಿರುತ್ತದೆ. ಮಂಜು ಹೋದ ಕೂಡಲೇ ಬಣ್ಣ ಬಂದುಬಿಡುವುದೂ ಇಲ್ಲ.

ಯಾಕೆಂದರೆ ಆ ಬಣ್ಣ ನೀರಿನದಲ್ಲ, ಕಲ್ಲಿನದು. ಹಿಮನದಿ ಎಂದರೆ ಬೆಟ್ಟದಿಂದ ನಿಧಾನವಾಗಿ ಜಾರುವ ಮಂಜುಗಡ್ಡೆಯ ರಾಶಿ. ಅದು ಜಾರುವಾಗ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಕೆಳಗಿನ ಬಂಡೆಯನ್ನು ಬೀಸುವ ಕಲ್ಲಿನ ಹಾಗೆ ಅರೆಯುತ್ತವೆ. ಬರುವ ಪುಡಿ ಎಷ್ಟು ನುಣುಪೆಂದರೆ ಅದಕ್ಕೆ ಕಲ್ಲಿನ ಹಿಟ್ಟು ಎಂದೇ ಹೆಸರು. ಬೇಸಿಗೆಯಲ್ಲಿ ಕರಗಿದ ನೀರು ಈ ಹಿಟ್ಟನ್ನು ಹೊತ್ತು ತರುತ್ತದೆ. ದಪ್ಪ ಮರಳು ಬೇಗ ತಳ ಸೇರುತ್ತದೆ, ನುಣುಪಾದದ್ದು ತಿಂಗಳುಗಟ್ಟಲೆ ತೇಲುತ್ತಿರುತ್ತದೆ. ಬಿಸಿಲಿನ ಕೆಂಪು ಭಾಗವನ್ನು ನೀರು ನುಂಗಿಬಿಡುತ್ತದೆ. ಉಳಿದ ಹಸಿರು, ನೀಲಿಯನ್ನು ಈ ಕಣಗಳು ಚೆದುರಿಸಿ ನಮ್ಮ ಕಣ್ಣಿಗೆ ಕಳಿಸುತ್ತವೆ. 'ಎಷ್ಟು ಶುದ್ಧ ನೀರು!' ಎಂದು ನಾವು ಬಾಯಿ ಬಿಡುತ್ತೇವಲ್ಲ, ನಿಜಕ್ಕೂ ನೋಡುತ್ತಿರುವುದು ದೂಳು ಬೆರೆತ ನೀರನ್ನು.

ಅಂದರೆ ಹಿಮನದಿ ಜೋರಾಗಿ ಕರಗುವ ಕಾಲವೇ ಬಣ್ಣದ ಕಾಲ. ಲೇಕ್ ಲೂಯಿಸ್ ಇರುವ ರಾಕೀಸ್ ಬೆಟ್ಟಗಳಲ್ಲಿ ಜುಲೈ ಮತ್ತು ಆಗಸ್ಟ್. ನ್ಯೂಜಿಲೆಂಡಿನ ಪುಕಾಕಿ, ಟೆಕಾಪೊ ಸರೋವರಗಳಿಗೆ ಹೋಗುವವರು ಲೆಕ್ಕ ತಿರುಗಿಸಿಕೊಳ್ಳಿ. ಅಲ್ಲಿ ಡಿಸೆಂಬರಿನಿಂದ ಫೆಬ್ರುವರಿವರೆಗೆ ಬೇಸಿಗೆ.

ದಿನದ ಹೊತ್ತೂ ಮುಖ್ಯ. ಎಲ್ಲರೂ ಬೆಳಗಿನ ಜಾವ ಹೋಗಿ ಅಂತಾರೆ. ಗಾಳಿ ಇಲ್ಲದೆ ಬೆಟ್ಟ ತಲೆಕೆಳಗಾಗಿ ನೀರಲ್ಲಿ ಕಾಣಬೇಕಾದರೆ ಅದು ಸರಿ. ಬಣ್ಣ ಬೇಕಾದರೆ ಮಾತ್ರ ಸೂರ್ಯ ನೆತ್ತಿಗೆ ಬರಲಿ, ನೀವೂ ಸ್ವಲ್ಪ ಮೇಲಕ್ಕೆ ಹತ್ತಿ. ದಡದಲ್ಲಿ ನಿಂತರೆ ಆಕಾಶದ ನೆರಳೇ ಜಾಸ್ತಿ ಕಾಣುತ್ತದೆ. ರಾಕೀಸ್‌ನದೇ ಪೇಟೊ ಲೇಕ್ ಅಷ್ಟು ಗಾಢವಾಗಿ ಕಾಣಲು ಅದನ್ನು ಮೇಲಿನಿಂದ ನೋಡುವುದೂ ಒಂದು ಕಾರಣ.

ಮತ್ತೆ ಹೋಗುವುದಾದರೆ ಪಕ್ಕದ ಮೊರೇನ್ ಲೇಕ್ ಬಿಡಬೇಡಿ. 2023ರಿಂದ ಅಲ್ಲಿಗೆ ಸ್ವಂತ ಕಾರು ಬಿಡುವುದಿಲ್ಲ, ಬಸ್ಸಿನ ಸೀಟು ಮೊದಲೇ ಕಾದಿರಿಸಬೇಕು. ಅಂದಹಾಗೆ, ಹಿಮನದಿ ತಂದು ಸುರಿದ ಕಲ್ಲುಮಣ್ಣಿನ ದಿಬ್ಬಕ್ಕೆ ಮೊರೇನ್ ಎನ್ನುತ್ತಾರೆ. ಆದರೆ ಆ ಸರೋವರಕ್ಕೆ ಅಡ್ಡ ನಿಂತಿರುವುದು ಬೆಟ್ಟದಿಂದ ಕುಸಿದ ಬಂಡೆಗಳ ರಾಶಿ ಎಂಬ ಅಭಿಪ್ರಾಯವೇ ಈಗ ಹೆಚ್ಚು. ಹೆಸರು ಮಾತ್ರ ಹಾಗೇ ಉಳಿದುಬಿಟ್ಟಿದೆ.

ಪ್ರಶ್ನೆ: ನನಗೆ ಚೆನ್ನಾಗಿ ಈಜು ಬರುತ್ತದೆ. ಇಂಥ ಸರೋವರದಲ್ಲಿ ಒಮ್ಮೆ ಹಾರಬೇಕೆಂಬ ಆಸೆ. ಮನೆಯವರು ಬೇಡ ಅಂತಾರೆ.

ಮನೆಯವರ ಮಾತು ಕೇಳಿ. ಹಾರುವುದಂತೂ ಬೇಡವೇ ಬೇಡ. ಇಲ್ಲಿ ಅಪಾಯ ಮುಳುಗುವ ಆಳದ್ದಲ್ಲ, ಚಳಿಯದ್ದು. ಮಂಜಿನಂಥ ನೀರು ಮೈಗೆ ತಗುಲಿದ ತಕ್ಷಣ ಬಾಯಿ ತಾನಾಗೇ ತೆರೆದು ಉಸಿರು ಎಳೆದುಕೊಳ್ಳುತ್ತದೆ. ಆ ಗಳಿಗೆಯಲ್ಲಿ ತಲೆ ನೀರಿನೊಳಗಿದ್ದರೆ ಗಾಳಿಯ ಬದಲು ನೀರೇ ಒಳಗೆ ಹೋಗುತ್ತದೆ. ಪಾರುಗಾಣಿಸುವವರು 1-10-1 ಎಂಬ ಲೆಕ್ಕ ಹೇಳುತ್ತಾರೆ: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ನಿಮ್ಮ ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಎಷ್ಟೋ ಜನ ಆ ಕೊನೆಯ ಗಂಟೆಯವರೆಗೆ ಬರುವುದೇ ಇಲ್ಲ. ನಾನು ಮೊಣಕಾಲಿನವರೆಗೆ ಇಳಿದು ನೂರು ಎಣಿಸುತ್ತೇನೆಂದು ಜಂಬ ಕೊಚ್ಚಿದ್ದೆ. ಮೂವತ್ತಕ್ಕೆ ಮೂಳೆಯೊಳಗೇ ನೋವು ಶುರುವಾಗಿ ದಡದ ಕಲ್ಲು ತಬ್ಬಿಕೊಂಡು ಕೂತೆ.

ಹಿಮನದಿಯ ತುದಿಯೇ ನೀರಿನಲ್ಲಿ ನಿಂತಿರುವ ಕಡೆ ದೋಣಿಯಲ್ಲೂ ದೂರ ಇರಿ. 2011ರ ಫೆಬ್ರುವರಿಯಲ್ಲಿ ಕ್ರೈಸ್ಟ್‌ಚರ್ಚ್ ಭೂಕಂಪವಾದಾಗ ನ್ಯೂಜಿಲೆಂಡಿನ ಟಾಸ್ಮನ್ ಹಿಮನದಿಯಿಂದ ಅಂದಾಜು 3 ಕೋಟಿ ಟನ್ ಮಂಜುಗಡ್ಡೆ ಕಳಚಿ ಸರೋವರಕ್ಕೆ ಬಿತ್ತು. ಪ್ರವಾಸಿಗಳಿದ್ದ ದೋಣಿಗಳನ್ನು 3.5 ಮೀಟರ್‌ವರೆಗಿನ ಅಲೆಗಳು ಎತ್ತಿ ಎತ್ತಿ ಹಾಕಿದವು.

ಪ್ರಶ್ನೆ: ಅಮ್ಮನಿಗೆ 64 ವರ್ಷ. ಹಿಮಾಚಲದ ಚಂದ್ರತಾಲ್ ಸರೋವರ ನೋಡಬೇಕೆಂದು ಆಸೆ. ಹತ್ತಿರದವರೆಗೂ ಗಾಡಿ ಹೋಗುತ್ತದಂತೆ. ಜಾಸ್ತಿ ನಡೆಯುವುದೇ ಇಲ್ಲ ಅಂದಮೇಲೆ ಎತ್ತರದ ತೊಂದರೆ ಯಾಕೆ ಬರಬೇಕು?

ಗಾಡಿ ಹೋಗುತ್ತದೆ ಎನ್ನುವುದೇ ತೊಂದರೆ. ನಡೆದು ಹೋಗುವವರಿಗೆ ದಾರಿಯಲ್ಲೇ ದಿನಗಳು ಕಳೆದು ಮೈ ಒಗ್ಗುತ್ತದೆ. ಗಾಡಿಯಲ್ಲಿ ಕೂತವರು ಒಂದೇ ದಿನಕ್ಕೆ ಸುಮಾರು 4,250 ಮೀಟರ್ ತಲುಪಿಬಿಡುತ್ತಾರೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇ 60ರಷ್ಟು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಉಳಿಯಿರಿ.

ವಯಸ್ಸಿಗೆ ಅಂಥ ಹೆದರಿಕೆ ಬೇಡ. ನಾನು ನೋಡಿದ ಮಟ್ಟಿಗೆ ಮೊದಲು ಹಾಸಿಗೆ ಹಿಡಿಯುವುದು ಗಡಿಬಿಡಿಯ ಹುಡುಗರೇ. ಹೃದಯ, ಶ್ವಾಸಕೋಶದ ಕಾಯಿಲೆ ಇದ್ದರೆ ಮಾತ್ರ ಬೇರೆ ಮಾತು, ವೈದ್ಯರನ್ನು ಕೇಳದೆ ಹೊರಡಬೇಡಿ. ತಲೆನೋವು, ವಾಕರಿಕೆ ಬಂದರೆ ಅಲ್ಲೇ ನಿಲ್ಲಿ. ಮಾತು ತೊದಲಿದರೆ, ನಡಿಗೆ ತೂರಾಡಿದರೆ, ಸುಮ್ನೆ ಕೂತಾಗಲೂ ಏದುಸಿರು ಬಂದರೆ ರಾತ್ರಿಯಾದರೂ ಸರಿ, ಕೆಳಗಿಳಿಸಿ. 'ಬೆಳಿಗ್ಗೆ ನೋಡೋಣ' ಅನ್ನಬೇಡಿ.

ಪ್ರಶ್ನೆ: ಹಿಮನದಿ ಕರಗಿ ಮುಗಿದರೆ ಸರೋವರಗಳೂ ಒಣಗಿಹೋಗುತ್ತವಾ? ಬೇಗ ನೋಡಿಬಿಡಬೇಕಾ?

ಸದ್ಯಕ್ಕೆ ಎಷ್ಟೋ ಕಡೆ ನಡೆಯುತ್ತಿರುವುದು ಉಲ್ಟಾ. ಮೇಲೆ ಹೇಳಿದ ಟಾಸ್ಮನ್ ಸರೋವರ 1970ರ ದಶಕದ ಆರಂಭದಲ್ಲಿ ಇರಲೇ ಇಲ್ಲ. ಹಿಮನದಿ ಹಿಂದಕ್ಕೆ ಸರಿದು ಬಿಟ್ಟ ಹಳ್ಳದಲ್ಲಿ ನೀರು ತುಂಬಿ ಆದದ್ದು ಅದು. ಹೀಗೆ ಬೆಳೆಯುವ ಸರೋವರಕ್ಕೆ ಕಟ್ಟೆ ಎಂದರೆ ಸಡಿಲ ಕಲ್ಲುಮಣ್ಣು ಅಷ್ಟೇ. 2023ರ ಅಕ್ಟೋಬರಿನಲ್ಲಿ ಸಿಕ್ಕಿಮಿನ ದಕ್ಷಿಣ ಲೊನಾಕ್ ಸರೋವರ ಒಡೆದು ತೀಸ್ತಾ ನದಿಯ ಚುಂಗ್‌ಥಾಂಗ್ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ನೇಪಾಳದ ಇಮ್ಜಾ ಸರೋವರದಲ್ಲಿ ಅಂಥದ್ದು ಆಗಬಾರದೆಂದು 2016ರಲ್ಲಿ ಕಾಲುವೆ ತೋಡಿ ನೀರಿನ ಮಟ್ಟವನ್ನು 3 ಮೀಟರ್‌ಗೂ ಹೆಚ್ಚು ಇಳಿಸಿದರು. ಡೇರೆ ಹಾಕುವಾಗ ಹೊಳೆಯ ಪಾತ್ರದಲ್ಲಿ ಹಾಕಬೇಡಿ ಎಂದು ಪದೇ ಪದೇ ಹೇಳುವುದು ಇದಕ್ಕೇ. ಮೇಲಿನ ಹಿಮನದಿ ಪೂರ್ತಿ ಮಾಯವಾದರೆ ನೀರು ಉಳಿದರೂ ಹಿಟ್ಟು ಬರುವುದು ನಿಂತು, ಬಣ್ಣ ಬದಲಾಗುತ್ತದೆ.

ಪ್ರಶ್ನೆ: ನೀಲಿ ನೀರನ್ನು ಬಾಟಲಿಗೆ ತುಂಬಿದರೆ ನೀಲಿಯೇ ಇಲ್ಲ! ಬರೀ ಮಬ್ಬು. ಕುಡಿಯಬಹುದಾ? (6ನೇ ತರಗತಿ ಓದುಗ)

ಹಾಗೇ ಕುಡಿಯಬೇಡ ಪುಟ್ಟಾ, ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿಗಳು ಅಲ್ಲೂ ಇರಬಹುದು. ಅಷ್ಟು ಎತ್ತರದಲ್ಲಿ 3 ನಿಮಿಷ ಕೊತಕೊತ ಕುದಿಸಬೇಕು. ಫಿಲ್ಟರ್ ಇದ್ದರೂ ಕಲ್ಲಿನ ಹಿಟ್ಟು ಅದನ್ನು ಬೇಗ ಕಟ್ಟಿಸಿಬಿಡುತ್ತದೆ, ಅದಕ್ಕೆ ಮೊದಲು ನೀರನ್ನು ಒಂದು ರಾತ್ರಿ ಅಲುಗಾಡಿಸದೆ ಇಡು. ಬಣ್ಣ ಕಾಣಲು ಬಾಟಲಿಯ ಅಗಲ ಸಾಲದು, ಬೆಳಕು ಹಾದುಹೋಗಲು ತುಂಬಾ ಆಳದ ನೀರು ಬೇಕು. ಆ ಬಾಟಲಿ ಇನ್ನೂ ಇದ್ದರೆ ಚೆಲ್ಲಬೇಡ. ಕೆಲವು ದಿನ ಮೂಲೆಯಲ್ಲಿಟ್ಟು ತಳ ನೋಡು. ಬೂದಿಬಣ್ಣದ ತೆಳು ಪದರ ಕೂತಿದ್ದರೆ ಅದೇ ನಿನ್ನ ನೀಲಿ.