ಟ್ರೂಮನ್ ಶೋ ನೋಡಿ ಮನೆ ಬಿಟ್ಟು ಹೋಗ್ಬೇಕು ಅನ್ನಿಸ್ತಿದೆ

ಪ್ರಶ್ನೆ: ನಂಗೆ 26 ವರ್ಷ, ದಾವಣಗೆರೆ, ಮನೆಯಿಂದ್ಲೇ ಸಾಫ್ಟ್‌ವೇರ್ ಕೆಲಸ. ಕಾಲೇಜು, ಬ್ರಾಂಚು ಎಲ್ಲ ಅಪ್ಪಂದೇ ಸೆಲೆಕ್ಷನ್, ಈಗ ಹುಡುಗನ್ನೂ ನೋಡ್ತಿದಾರೆ. ಪುಣೆಯಿಂದ ಒಳ್ಳೆ ಆಫರ್ ಬಂದಿದೆ, ಮನೇಲಿ ಹೇಳಿಲ್ಲ. ಮೊನ್ನೆ 'ದಿ ಟ್ರೂಮನ್ ಶೋ' ನೋಡ್ದೆ, ನಂದೂ ಅದೇ ಕಥೆ, ನಮ್ಮಪ್ಪಾನೇ ಕ್ರಿಸ್ಟಾಫ್. ಯಾರಿಗೂ ಹೇಳ್ದೆ ಹೊರಟುಬಿಡ್ಲಾ?

ಉತ್ತರ: ನೋಡಮ್ಮ, ಪಿಕ್ಚರ್ ನೋಡಿ ತಲೆ ಕೆಡಿಸ್ಕೋಬೇಡ ಅನ್ನೋರು ಬೇಕಾದಷ್ಟು ಜನ ಸಿಗ್ತಾರೆ, ನಾನು ಹಾಗನ್ನಲ್ಲ. 1998ರ ಆ ಪಿಕ್ಚರ್‌ನಲ್ಲಿ ತಲೆ ಕೆಡಿಸ್ಕೊಳ್ಳೋ ವಿಷಯಾನೇ ಇರೋದು. ನೋಡ್ದೇ ಇರೋರಿಗೆ ಒಂದ್ಮಾತು: ಟ್ರೂಮನ್ ಹುಟ್ಟಿದಾಗಿಂದ ಒಂದು ದೊಡ್ಡ ಸ್ಟುಡಿಯೋ ಒಳಗೇ ಬೆಳೆದಿರ್ತಾನೆ, ಹೆಂಡ್ತಿ ಫ್ರೆಂಡು ಎಲ್ಲ ಆಕ್ಟರ್‌ಗಳು, ಅವನ ಬದುಕೇ ಟಿವಿ ಲೈವ್ ಶೋ, ಅವನೊಬ್ಬನಿಗೇ ಗೊತ್ತಿಲ್ಲ. ಅದನ್ನ ನಡೆಸೋನು ಕ್ರಿಸ್ಟಾಫ್.

ಅವನು ಟ್ರೂಮನ್‌ನ ಹಿಡಿದಿಟ್ಟಿದ್ದು ಹೇಗೆ ಗಮನಿಸಿದ್ಯಾ? ಊರೊಂದು ದ್ವೀಪ. ಹುಡುಗ ಚಿಕ್ಕವನಿದ್ದಾಗ್ಲೇ ಅಪ್ಪ ದೋಣಿಯಿಂದ ಬಿದ್ದು ಕಣ್ಣೆದುರೇ ಮುಳುಗಿಹೋದ ಹಾಗೆ ನಾಟಕ ಮಾಡಿಸ್ತಾನೆ, ಮುಗೀತು, ನೀರು ಕಂಡ್ರೆ ಹುಡುಗನ ಕಾಲು ತಾನಾಗೇ ನಿಂತುಬಿಡುತ್ತೆ. ಇಷ್ಟೆಲ್ಲ ಮಾಡಿದ್ಮೇಲೆ ಕ್ರಿಸ್ಟಾಫ್ ಆರಾಮಾಗಿ ಹೇಳ್ತಾನೆ, ಅವನು ಗಟ್ಟಿ ಮನಸ್ಸು ಮಾಡಿದ್ರೆ ನಾವು ತಡೆಯೋಕಾಗಲ್ಲ ಅಂತ. ಭಂಡ. ಆದ್ರೂ ಆ ಮಾತಲ್ಲಿ ಅರ್ಧ ನಿಜ ಇದೆ.

ಐಸಾಯಾ ಬರ್ಲಿನ್ ಅಂತ ಒಬ್ಬ ಫಿಲಾಸಫರ್ 1958ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಭಾಷಣ ಮಾಡ್ತಾ ಸ್ವಾತಂತ್ರ್ಯಾನ ಎರಡು ಥರ ನೋಡಿದ್ರು, ಯಾರೂ ಅಡ್ಡ ಬರದೇ ಇರೋದು ಒಂದು, ನನ್ನ ಬದುಕಿಗೆ ನಾನೇ ಯಜಮಾನ ಆಗೋದು ಇನ್ನೊಂದು. ನಿಂಗೆ ಮೊದಲನೇದು ಇದ್ಯೋ ಇಲ್ವೋ ನಂಗಂತೂ ಗೊತ್ತಾಗ್ಲಿಲ್ಲ, ಯಾಕಂದ್ರೆ ಅಪ್ಪ ಬೇಡ ಅಂದ್ರು ಅನ್ನೋ ಮಾತು ನಿನ್ನ ಪತ್ರದಲ್ಲಿ ಎಲ್ಲೂ ಇಲ್ಲ, ನೀನು ಕೇಳೇ ಇಲ್ವಲ್ಲ! ಬೇರೆ ದಾರೀನೇ ಇಲ್ಲ ಅಂತ ನಮಗೆ ನಾವೇ ಹೇಳ್ಕೊಂಡು ಕೂರೋದಕ್ಕೆ ಫ್ರಾನ್ಸ್‌ನ ಫಿಲಾಸಫರ್ ಸಾರ್ತ್ರ ಆತ್ಮವಂಚನೆ ಅಂದ. ಹೇಳ್ದೆ ಓಡಿಹೋಗೋದ್ರಲ್ಲೂ ಅದು ಸ್ವಲ್ಪ ಇದೆ ಅನ್ಸುತ್ತೆ, ಅಪ್ಪನ ಉತ್ತರ ಏನು ಅಂತ ನೀನೇ ಬರ್ಕೊಂಡು ಅದಕ್ಕೆ ಸಿಟ್ಟೂ ಮಾಡ್ಕೊಂಡಾಯ್ತು. ಟ್ರೂಮನ್‌ಗೆ ಕೇಳೋಕೆ ನಿಜವಾದ ಅಪ್ಪಾನೇ ಇರ್ಲಿಲ್ಲ.

ಹಾಂ, ಹೇಳಿದ್ರೆ ಹೊಡೀತಾರೆ, ಕೂಡಿಹಾಕ್ತಾರೆ ಅನ್ನೋ ಮನೆ ಆಗಿದ್ರೆ ಮೇಲಿಂದೆಲ್ಲ ಮರೆತುಬಿಡು, ಮೊದ್ಲು ಹೊರಡು, 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡು.

ಇನ್ನು ನಾಲ್ಕು ಜನ ಏನಂತಾರೆ ಅನ್ನೋದು. ಟ್ರೂಮನ್ ಬಾಗಿಲು ದಾಟಿ ಹೋಗ್ತಾನೆ, ಜಗತ್ತೆಲ್ಲ ಕುಣಿಯುತ್ತೆ, ಆಮೇಲೆ ಪಾರ್ಕಿಂಗ್ ಗ್ಯಾರೇಜಲ್ಲಿ ಕೂತು ಟಿವೀಲಿ ಅವನನ್ನೇ ನೋಡ್ತಿದ್ದ ಇಬ್ರು ಕೆಲಸದವ್ರು ಏನ್ಮಾಡ್ತಾರೆ ಹೇಳು? ಬೇರೆ ಚಾನೆಲ್‌ನಲ್ಲಿ ಏನಿದೆ ಅಂತ ಹುಡುಕ್ತಾರೆ. ಇಡೀ ಪಿಕ್ಚರ್‌ನಲ್ಲಿ ನಂಗೆ ತುಂಬ ಇಷ್ಟ ಆಗಿದ್ದು ಅದೇ. ನಿಮ್ಮ ನೆಂಟರೂ ಅಷ್ಟೇ, ಮುಂದಿನ ಮದುವೆ ತನಕ ಮಾತಾಡ್ತಾರೆ.

ಈಗ ಮಾಡೋ ಕೆಲ್ಸ: ಪುಣೆಯವ್ರ ಹತ್ರ ಉತ್ತರ ಕೊಡೋಕೆ ಒಂದು ವಾರ ಟೈಮ್ ತಗೋ. ಸಂಬಳ ಎಷ್ಟು, ಎಲ್ಲಿ ಇರ್ತೀಯ, ಎಲ್ಲ ಒಂದು ಹಾಳೇಲಿ ಬರ್ಕೊಂಡು ಅಪ್ಪನ ಎದುರು ಕೂತ್ಕೋ, ಪರ್ಮಿಷನ್ ಕೇಳೋ ಥರ ಬೇಡ, ಅಮ್ಮನ ಕೈಲಿ ಹೇಳಿಸೋದೂ ಬೇಡ. ಸಿಟ್ಟಾದ್ರೆ ಆಗ್ಲಿ ಬಿಡು, ಎರಡು ದಿನ ಊಟ ಬಿಡ್ತಾರೆ. ಹುಡುಗನ ವಿಷಯ ಮಾತ್ರ ಅವತ್ತೇ ಎತ್ತಬೇಡ, ಎರಡೂ ಒಟ್ಟಿಗೆ ಹೇಳಿದ್ರೆ ಎರಡಕ್ಕೂ ಸೇರಿಸಿ ಒಂದೇ ಉತ್ತರ ಬರುತ್ತೆ.