ದೀಪವಿಲ್ಲದ ಊರುಗಳ ದಾರಿ

(ಕೆನಡಾದ ಸಸ್ಕ್ಯಾಚುವಾನ್ ಪ್ರಾಂತ್ಯದ ರಿಜೈನಾದಲ್ಲಿ ಮೂರು ವರ್ಷಗಳಿಂದ ನೆಲೆಸಿರುವ, ದಾವಣಗೆರೆ ಮೂಲದ ಓದುಗರೊಬ್ಬರ ಪತ್ರದ ಸಾರ: "ಕಳೆದ ಸೆಪ್ಟೆಂಬರ್‌ನಲ್ಲಿ ಮನೆಮಂದಿಯೆಲ್ಲ 13ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದಾಗ ಬಾಗಿಲು ಕಿಟಕಿ ಕಳಚಿದ ಮನೆಗಳ ಊರುಗಳನ್ನು ಕಂಡೆವು. ಇಲ್ಲಿಯವರು ಇವನ್ನು ಘೋಸ್ಟ್ ಟೌನ್ ಎನ್ನುತ್ತಾರೆ. ಒಂಬತ್ತು ವರ್ಷದ ನನ್ನ ಮಗ 'ಇಲ್ಲಿದ್ದವರೆಲ್ಲ ಎಲ್ಲಿಗೆ ಹೋದರು?' ಎಂದು ಕೇಳಿದ, ನನ್ನಲ್ಲಿ ಉತ್ತರವಿರಲಿಲ್ಲ. ಇನ್ನೊಬ್ಬರ ಮನೆ ಹಾಳಾದದ್ದನ್ನು ನೋಡಲು ಹೋಗುವುದು ತರವಲ್ಲ ಎಂದು ನಮ್ಮ ಯಜಮಾನರು ಗಾಡಿಯನ್ನೇ ನಿಲ್ಲಿಸಲಿಲ್ಲ. ಈ ಊರುಗಳು ಏಕೆ ಹಾಳುಬಿದ್ದವು? ನೋಡಲು ಹೋಗುವುದು ತಪ್ಪೇ? ತಪ್ಪಲ್ಲವಾದರೆ ಮಕ್ಕಳೊಡನೆ ಯಾವ ದಾರಿಯಲ್ಲಿ ಹೋಗಬೇಕು?")

ಮಾನ್ಯರೇ,

ನಿಮ್ಮ ಮಗನ ಪ್ರಶ್ನೆ ನಾಲ್ಕು ದಿನ ನನ್ನ ಮೇಜಿನ ಮೇಲೆಯೇ ಇತ್ತು. ಕೆಲವು ವರ್ಷಗಳ ಹಿಂದೆ ಸಸ್ಕಟೂನ್‌ನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಎರಡು ವಾರ ಉಳಿದಿದ್ದಾಗ ನನಗೂ ಅದೇ ಪ್ರಶ್ನೆ ಎದುರಾಗಿತ್ತು. ಅದಕ್ಕಾಗಿಯೇ ಪತ್ರದ ಅಂಕಣದಲ್ಲಿ ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ.

ಮೊದಲು ಆ ಹೆಸರಿನ ಮಾತು. ಘೋಸ್ಟ್ ಟೌನ್ ಎಂಬುದನ್ನು ನಮ್ಮ ಪತ್ರಿಕೆಗಳು ಭೂತದ ಊರು, ದೆವ್ವದ ಪಟ್ಟಣ ಎಂದೆಲ್ಲ ಬರೆಯುತ್ತವೆ. ನಮ್ಮಲ್ಲಿ ಹಾಳೂರು ಎಂಬ ಮಾತು ಮೊದಲಿನಿಂದಲೂ ಇದೆ. ಕಂದಾಯ ದಾಖಲೆಗಳಲ್ಲಿ ಜನವಸತಿ ಇಲ್ಲದ ಗ್ರಾಮವನ್ನು ಬೇಚರಾಕ್ ಎಂದು ಕರೆಯುತ್ತಾರೆ. ಇದು ಪಾರ್ಸಿಯಿಂದ ಬಂದ ಪದ, ದೀಪವಿಲ್ಲದ್ದು ಎಂದು ಅದರ ಅರ್ಥ. ಸಂಜೆಯಾದರೆ ದೀಪ ಹಚ್ಚುವವರು ಅಲ್ಲಿ ಯಾರೂ ಇಲ್ಲ ಎಂಬುದಷ್ಟೇ ಆ ಪದದಲ್ಲಿದೆ, ಹೆದರಿಸುವ ಉದ್ದೇಶ ಅದಕ್ಕಿಲ್ಲ. ಗ್ರಾಮ ಬೇಚರಾಕ್ ಆದರೂ ಅದರ ಎಲ್ಲೆ, ಸರ್ವೆ ನಂಬರುಗಳು, ಹೊಲದ ಒಡೆತನ ಹಾಗೆಯೇ ಉಳಿಯುತ್ತವೆ ಎಂಬ ಅಂಶವೂ ಅದರ ಜೊತೆಗೇ ಬರುತ್ತದೆ. ನೀವು ಕಂಡ ಊರುಗಳಿಗೆ ಇಷ್ಟು ನಿಖರವಾಗಿ ಒಪ್ಪುವ ಹೆಸರು ಇಂಗ್ಲಿಷಿನಲ್ಲಿ ನನಗೆ ಸಿಕ್ಕಿಲ್ಲ.

ಇನ್ನು ಅವು ಏಕೆ ಹಾಳುಬಿದ್ದವು ಎಂಬುದು. ಕಾರಣ ತಿಳಿಯಬೇಕಾದರೆ ಮುರಿದ ಮನೆಗಳಿಗಿಂತ ಮೊದಲು ದಾರಿಯನ್ನು ನೋಡಬೇಕು. 1872ರ ಡೊಮಿನಿಯನ್ ಭೂ ಕಾಯ್ದೆಯ ಪ್ರಕಾರ ಹತ್ತು ಡಾಲರ್ ಶುಲ್ಕ ಕಟ್ಟಿದ ವಲಸಿಗನಿಗೆ 160 ಎಕರೆ ಸಿಗುತ್ತಿತ್ತು. ಮೂರು ವರ್ಷ ಅಲ್ಲೇ ಇದ್ದು, ಮನೆ ಕಟ್ಟಿ, ಒಂದಷ್ಟು ನೆಲ ಉತ್ತು ತೋರಿಸಿದರೆ ಅದು ಅವನದೇ ಆಗುತ್ತಿತ್ತು. ಇದಕ್ಕಾಗಿ ಇಡೀ ಬಯಲನ್ನು ಒಂದೊಂದು ಚದರ ಮೈಲಿಯ ಚೌಕಗಳಾಗಿ ಅಳೆದು, 36 ಚೌಕಗಳಿಗೆ ಒಂದು ಟೌನ್‌ಶಿಪ್ ಎಂದು ಮಾಡಿ, ನಡುನಡುವೆ ದಾರಿಗೆ ಪಟ್ಟಿ ಬಿಟ್ಟರು. ಇಂದು ನಿಮ್ಮ ಕಾರು ಓಡುವ ಗ್ರಿಡ್ ರಸ್ತೆಗಳು ಆ ಪಟ್ಟಿಗಳೇ. ಮೈಲಿಗಟ್ಟಲೆ ಗೆರೆ ಎಳೆದಂತೆ ಉತ್ತರಕ್ಕೆ ಸಾಗುವ ರಸ್ತೆ, ಎದುರಿಗೆ ಹಳ್ಳವಿಲ್ಲ, ಗುಡ್ಡವಿಲ್ಲ, ಆದರೂ ಒಂದು ಕಡೆ ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿದು ಮತ್ತೆ ನೇರವಾಗುವುದನ್ನು ನೀವು ಗಮನಿಸಿರಬಹುದು. ಭೂಮಿ ಗುಂಡಗಿರುವುದರಿಂದ ರೇಖಾಂಶಗಳು ಉತ್ತರಕ್ಕೆ ಹೋದಂತೆ ಹತ್ತಿರವಾಗುತ್ತವೆ, ಚೌಕಗಳು ಚೌಕವಾಗಿ ಉಳಿಯುವುದಿಲ್ಲ. ಹಾಗಾಗಿ 24 ಮೈಲಿಗೊಮ್ಮೆ ಸರ್ವೆಯವರು ಲೆಕ್ಕ ತಿದ್ದಿಕೊಂಡು ಮುಂದೆ ಹೋದರು. ಆ ತಿರುವು ಅಲ್ಲಿನದು. ಮಗನಿಗೆ ಭೂಗೋಳದ ಈ ಪಾಠವನ್ನು ಕಾರಿನ ಚಕ್ರದಿಂದಲೇ ತೋರಿಸಬಹುದು.

ಆಮೇಲೆ ರೈಲು ಬಂತು, ರೈಲಿನ ಬೆನ್ನಿಗೆ ಊರುಗಳು. ಗೋಧಿ ತುಂಬಿದ ಕುದುರೆಗಾಡಿಯೊಂದು ಬೆಳಗ್ಗೆ ಹೊರಟು, ಮಾಲು ಇಳಿಸಿ, ಸಂಜೆಗೆ ಮನೆ ಸೇರಬೇಕು ಎಂಬುದೇ ಊರಿಂದ ಊರಿಗೆ ಎಷ್ಟು ದೂರ ಎಂಬುದನ್ನು ನಿರ್ಧರಿಸಿತು; ಆದ್ದರಿಂದ ಹಳಿಯುದ್ದಕ್ಕೂ ಹತ್ತು ಹದಿನೈದು ಕಿಲೋಮೀಟರಿಗೊಂದು ನಿಲ್ದಾಣ, ಅದರ ಪಕ್ಕದಲ್ಲಿ ಎಲಿವೇಟರ್ ಎಂಬ ಮರದ ಎತ್ತರದ ಧಾನ್ಯದ ಉಗ್ರಾಣ, ಎದುರಿಗೆ ಅಂಗಡಿ, ಚರ್ಚು, ಶಾಲೆ. ನಮ್ಮ ಕಡೆಯ ಹಗೇವು ನೆಲದೊಳಕ್ಕೆ ಇಳಿದರೆ, ಅವರ ಎಲಿವೇಟರ್ ಆಕಾಶಕ್ಕೆ ಏರಿತು. ಹಲಗೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಮಲಗಿಸಿ ಮೊಳೆ ಹೊಡೆದು ಎಬ್ಬಿಸಿದ ಗೋಡೆಗಳು ಅವು, ಏಕೆಂದರೆ ಒಳಗೆ ತುಂಬಿದ ಧಾನ್ಯ ನೀರಿನಂತೆ ಹೊರಕ್ಕೆ ಒತ್ತುತ್ತದೆ. ಕೆಳಗಿನ ಗುಂಡಿಗೆ ಸುರಿದ ಗೋಧಿಯನ್ನು, ನಮ್ಮ ಏತದ ಒಂದೇ ಬಾನಿಯ ಬದಲು, ಪಟ್ಟಿಗೆ ಕಟ್ಟಿದ ಬಟ್ಟಲುಗಳ ಸಾಲೊಂದು ಮೇಲಕ್ಕೆತ್ತಿ ಕಣಜಗಳಿಗೆ ಹಂಚುತ್ತಿತ್ತು. ಊರಿನ ಹೆಸರನ್ನು ಅದರ ಮೇಲೆಯೇ ದೊಡ್ಡಕ್ಷರಗಳಲ್ಲಿ ಬರೆಯುತ್ತಿದ್ದರು. 1930ರ ದಶಕದಲ್ಲಿ ಆಲ್ಬರ್ಟಾ, ಸಸ್ಕ್ಯಾಚುವಾನ್, ಮ್ಯಾನಿಟೋಬಾ ಎಂಬ ಮೂರು ಬಯಲು ಪ್ರಾಂತ್ಯಗಳಲ್ಲಿ ಸೇರಿ ಇಂಥವು 5,700ಕ್ಕೂ ಹೆಚ್ಚು ಇದ್ದವು.

ಎಂದರೆ ಆ ಊರುಗಳು ಕುದುರೆಯ ಒಂದು ದಿನದ ನಡಿಗೆಯ ಅಳತೆಗೆ ಹುಟ್ಟಿದವು. ನೀರಿನ ಆಸರೆಯೋ, ಕೋಟೆಯೋ, ದೇವಸ್ಥಾನವೋ ಇದ್ದು ಬೆಳೆದ ನಮ್ಮ ಊರುಗಳ ಹುಟ್ಟೇ ಬೇರೆ. ಲಾರಿ ಬಂದ ದಿನವೇ ಆ ಅಳತೆ ಹಳತಾಯಿತು, ಆದರೆ ಊರುಗಳು ಕರಗಲು ಅರ್ಧ ಶತಮಾನ ಹಿಡಿಯಿತು. 1930ರ ದಶಕದ ಬರ, ಅದರಲ್ಲೂ 1937ರ ವರ್ಷ, ದಕ್ಷಿಣದ ಸಂಸಾರಗಳನ್ನು ಕಿತ್ತುಹಾಕಿತು. ಪೆಟ್ರೋಲಿಗೆ ಕಾಸಿಲ್ಲದೆ ಕಾರಿನ ಎಂಜಿನ್ ಕಳಚಿಟ್ಟು ಕುದುರೆ ಕಟ್ಟಿದ ಕಾಲ ಅದು. ಆಮೇಲೆ ಹಳ್ಳಿಶಾಲೆಗಳನ್ನು ಒಂದುಗೂಡಿಸಿದರು, ಶಾಲೆಯ ಹಿಂದೆ ಅಂಗಡಿಯೂ ಹೋಯಿತು. 1897ರಿಂದ ಧಾನ್ಯದ ರೈಲು ಸಾಗಣೆಗಿದ್ದ ಅಗ್ಗದ ದರದ ರಕ್ಷಣೆ 1995ರಲ್ಲಿ ಪೂರ್ತಿ ಮುಗಿದಾಗ, ಕಂಪನಿಗಳು ದೂರದೂರಕ್ಕೆ ಒಂದೊಂದು ಭಾರಿ ಕಾಂಕ್ರೀಟ್ ಟರ್ಮಿನಲ್ ಕಟ್ಟಿ ಮರದ ಎಲಿವೇಟರ್‌ಗಳನ್ನು ಕೆಡವಿದವು. 160 ಎಕರೆಗೊಂದು ಮನೆ ಎಂದು ಎಣಿಸಿದ ನೆಲದಲ್ಲಿ 2021ರ ಗಣತಿಯಂತೆ ಒಂದು ಜಮೀನಿನ ಸರಾಸರಿ ವಿಸ್ತೀರ್ಣ 1,700 ಎಕರೆಗೂ ಮೇಲೆ. ಹನ್ನೊಂದು ಮನೆ ಇರಬೇಕಾದಲ್ಲಿ ಒಂದು ಮನೆ ಎಂದರೆ ಶಾಲೆಗೆ ಮಕ್ಕಳು ಎಲ್ಲಿಂದ ಬರಬೇಕು?

ಹಾಗಾದರೆ ಅವರೆಲ್ಲ ಎಲ್ಲಿಗೆ ಹೋದರು? ಎಷ್ಟೋ ಮಂದಿ ಆಲ್ಬರ್ಟಾಕ್ಕೆ, ಪಶ್ಚಿಮ ಕರಾವಳಿಗೆ ಹೋದರು. ಆದರೆ ಬಹಳ ಮಂದಿ ನೀವಿರುವಲ್ಲಿಗೇ ಬಂದರು. 1901ರಲ್ಲಿ ರಿಜೈನಾದ ಜನಸಂಖ್ಯೆ 2,249, 2021ರಲ್ಲಿ 2,26,404. ನಿಮ್ಮ ಬೀದಿಯ ಹಿರಿಯರನ್ನು 'ನಿಮ್ಮ ಅಜ್ಜಿಯ ಊರು ಯಾವುದು?' ಎಂದು ಕೇಳಿ ನೋಡಿ. ನಕ್ಷೆಯಲ್ಲಿ ಈಗ ಹುಡುಕಬೇಕಾದ ಹೆಸರೊಂದು ಬಂದೀತು.

ನಿಮ್ಮ ಯಜಮಾನರ ಆಕ್ಷೇಪವನ್ನು ನಾನು ಗೌರವಿಸುತ್ತೇನೆ, ಅದರಲ್ಲಿ ಅರ್ಧ ನಿಜವಿದೆ. ಅಂಥ ಒಂದು ಊರಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಮನೆಗಳು ಇರಲಿಲ್ಲ. ಆದರೆ ಕ್ಯಾರಗಾನ ಎಂಬ ಪೊದೆಯ ಬೇಲಿ ನಾಲ್ಕೂ ಕಡೆ ಅಚ್ಚುಕಟ್ಟಾಗಿ ಬೆಳೆದು, ಏನೂ ಇಲ್ಲದ ಹುಲ್ಲಿನ ಒಂದು ಚೌಕವನ್ನು ಗಾಳಿಯಿಂದ ಕಾಯುತ್ತಿತ್ತು. ಇಂಡಿಯನ್ ಹೆಡ್ ಊರಿನಲ್ಲಿದ್ದ ಸರ್ಕಾರಿ ಸಸ್ಯಕ್ಷೇತ್ರ ರೈತರಿಗೆ ಹಂಚಿದ ಸಸಿಗಳ ಜಾತಿ ಅದು. ಚೌಕದ ಒಂದು ಮೂಲೆಯಲ್ಲಿ ಲೈಲಾಕ್ ಗಿಡ, ಅದರ ಹಿಂದೆ ಮೂರು ಕಾಂಕ್ರೀಟ್ ಮೆಟ್ಟಿಲು, ಮೆಟ್ಟಿಲಿನ ಆಚೆ ಬರೀ ಹುಲ್ಲು. ನಮ್ಮಲ್ಲಿ ಬಿದ್ದ ಮನೆಯ ಹಿತ್ತಿಲಲ್ಲಿ ನುಗ್ಗೆಮರವೂ ತುಳಸಿಕಟ್ಟೆಯೂ ಉಳಿಯುವಂತೆಯೇ. ಆ ಬಾಗಿಲ ಪಕ್ಕ ಲೈಲಾಕ್ ನೆಟ್ಟ ಕೈ ಯಾವ ಹೆಂಗಸಿನದೋ ಎಂದು ಯೋಚಿಸುತ್ತ ರಸ್ತೆಯ ಅಂಚಿನಲ್ಲಿ ನಿಂತಿದ್ದಾಗಲೇ ರೈಲು ಬಂತು. ಎರಡು ಮೂರು ನಿಮಿಷ ಡಬ್ಬಿಗಳು ಸಾಗುತ್ತಲೇ ಇದ್ದವು. ಹಳಿ ಕಿತ್ತದ್ದರಿಂದ ಊರು ಹಾಳಾಯಿತು ಎಂದು ನಾನು ತಿಳಿದಿದ್ದೆ. ಇಲ್ಲಿ ಹಳಿ ಜೀವಂತವಾಗಿತ್ತು, ನಿಲ್ಲುವ ಕಾರಣ ಮಾತ್ರ ಉಳಿದಿರಲಿಲ್ಲ. ಊರಾಚೆಯ ಸ್ಮಶಾನದ ಹುಲ್ಲನ್ನು ಯಾರೋ ಅದೇ ವಾರ ಕತ್ತರಿಸಿದ್ದರು. ಹಾಳೂರಿಗೆ ಉಳಿದವನೇ ಗೌಡ ಎಂದು ನಮ್ಮಲ್ಲಿ ಹಗುರವಾಗಿ ಆಡುವುದುಂಟು. ಅಂಥ ಊರಿನಲ್ಲಿ ಉಳಿದವರ ಮೇಲೆ ಎಷ್ಟು ಕೆಲಸ ಬೀಳುತ್ತದೆ ಎಂಬುದು ಆ ಹುಲ್ಲನ್ನು ಕಂಡ ಮೇಲೆ ನನಗೆ ಗೊತ್ತಾಯಿತು. ನೋಡಲು ಹೋಗುವುದು ತಪ್ಪಲ್ಲ. ಅದನ್ನು ಯಾರೂ ಇಲ್ಲದ ಜಾಗ ಎಂದುಕೊಂಡು ಹೋಗುವುದು ತಪ್ಪು.

ಇದನ್ನು ಕಾನೂನೂ ಹೇಳುತ್ತದೆ. 2022ರ ಜನವರಿ 1ರಿಂದ ಸಸ್ಕ್ಯಾಚುವಾನ್‌ನಲ್ಲಿ ಫಲಕ ಇರಲಿ, ಇಲ್ಲದಿರಲಿ, ಗ್ರಾಮೀಣ ಖಾಸಗಿ ನೆಲಕ್ಕೆ ಕಾಲಿಡಲು ಒಡೆಯರ ಪೂರ್ವಾನುಮತಿ ಬೇಕು. ಕಾನೂನನ್ನು ಬದಿಗಿಟ್ಟರೂ ಮಕ್ಕಳನ್ನು ಅಂಥ ಮನೆಗಳೊಳಗೆ ಬಿಡಬೇಡಿ. ನೆಲಹಲಗೆ ಕೊಳೆತಿರುತ್ತದೆ, ಬಾವಿಯ ಬಾಯಿ ಹುಲ್ಲಿನಲ್ಲಿ ಮುಚ್ಚಿರುತ್ತದೆ, ಡಿಯರ್ ಮೌಸ್ ಎಂಬ ಇಲಿಯ ಹಿಕ್ಕೆಯ ಧೂಳಿನಿಂದ ಹಂಟಾವೈರಸ್ ಎಂಬ ಮಾರಕ ಸೋಂಕು ತಗಲುತ್ತದೆ. ನೆನಪಿಗೆಂದು ಒಂದು ಬಾಗಿಲಹಿಡಿಯನ್ನೂ ತರಬೇಡಿ. ಉಳಿದಿರುವುದೇ ಕಡಿಮೆ: 1895ರಲ್ಲಿ ಕಟ್ಟಿದ ಫ್ಲೆಮಿಂಗ್ ಊರಿನ ಎಲಿವೇಟರ್, ಜೀರ್ಣೋದ್ಧಾರ ನಡೆಯುತ್ತಿದ್ದಾಗಲೇ 2010ರ ಫೆಬ್ರವರಿಯಲ್ಲಿ ಸುಟ್ಟುಹೋಯಿತು.

ದಾರಿಯ ವಿಷಯಕ್ಕೆ ಬರುತ್ತೇನೆ. ನೀವು ಹೋದ 13ನೇ ಹೆದ್ದಾರಿ, 1874ರಲ್ಲಿ ಕುದುರೆ ಪೊಲೀಸರು ಪಶ್ಚಿಮಕ್ಕೆ ಸಾಗಿದ್ದರ ನೆನಪಿಗೆ ರೆಡ್ ಕೋಟ್ ಟ್ರೇಲ್ ಎನಿಸಿಕೊಂಡಿದೆ. ರಾಬ್ಸಾರ್ಟ್‌ನಂಥ ಊರುಗಳು ಅದರ ಮೇಲಿವೆ. ಸೊಗಸಾದ ದಾರಿ, ಆದರೆ ಮಕ್ಕಳಿಗೆ ಬಹಳ ದೂರ. ಅದರ ಬದಲು ರಿಜೈನಾದಿಂದ 6ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ರೇಮೋರ್‌ವರೆಗೆ ಹೋಗಿ 15ನೇ ಹೆದ್ದಾರಿಯನ್ನು ಹಿಡಿಯಿರಿ. ಗ್ರ್ಯಾಂಡ್ ಟ್ರಂಕ್ ಪೆಸಿಫಿಕ್ ಎಂಬ ಕಂಪನಿ ಈ ಹಳಿ ಹಾಕಿದಾಗ ನಿಲ್ದಾಣಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹೆಸರಿಟ್ಟಿತು. ಪೂರ್ವದಿಂದ ಬಂದರೆ ಫೆನ್‌ವುಡ್, ಗುಡೀವ್, ಹಬ್ಬರ್ಡ್, ಇಟೂನಾ, ಜಾಸ್ಮಿನ್, ಕೆಲಿಹರ್, ಲೆಸ್ಟಾಕ್. ಮುಂದೆ ಪನಿಚಿ, ಕ್ವಿಂಟನ್, ರೇಮೋರ್, ಸೆಮನ್ಸ್, ಟೇಟ್. ವಾಟ್ರಸ್ ದಾಟಿದರೆ ಝೀನಾ (ಇಂಗ್ಲಿಷಿನಲ್ಲಿ Xena), ಯಂಗ್, ಝೆಲ್ಮಾ. ಮಗನ ಕೈಗೆ ಒಂದು ಹಾಳೆ ಕೊಟ್ಟು ಯಾವ ಅಕ್ಷರದ ಊರಿನಲ್ಲಿ ಇನ್ನೂ ದೀಪವಿದೆ, ಯಾವುದರಲ್ಲಿ ಆರಿದೆ ಎಂದು ಗುರುತು ಹಾಕಿಸಿ. ಊರಿಂದೂರಿಗೆ ಕಾರಿನ ಮೀಟರನ್ನೂ ಓದಿಸಿ. ಕುದುರೆಯ ನಡಿಗೆ ಆ ಅಂಕಿಗಳಲ್ಲೇ ಇದೆ. ವಾಟ್ರಸ್ ಪಕ್ಕದ ಲಿಟಲ್ ಮ್ಯಾನಿಟೂ ಕೆರೆಯ ನೀರು ಎಷ್ಟು ಉಪ್ಪೆಂದರೆ ಮಕ್ಕಳು ಮುಳುಗದೆ ತೇಲುತ್ತಾರೆ, ದಿನ ಅಲ್ಲಿ ಮುಗಿಯಲಿ.

ಆದರೆ ರೇಮೋರ್‌ನಿಂದ ಪೂರ್ವಕ್ಕೆ ಹೋದರೆ ಲೆಸ್ಟಾಕ್ ಬಳಿ ದೊಡ್ಡದೊಂದು ಇಟ್ಟಿಗೆಯ ಕಟ್ಟಡವಿದೆ. ಅದನ್ನು ಈ ಪಟ್ಟಿಯಲ್ಲಿ ಸೇರಿಸಬೇಡಿ. ಮಸ್ಕೊವೆಕ್ವಾನ್ ವಸತಿ ಶಾಲೆ ಅದು, 1997ರಲ್ಲಿ ಮುಚ್ಚಿತು; ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ, ನುಡಿಯಿಂದ ಬೇರ್ಪಡಿಸಿ ಇಟ್ಟಿದ್ದ ಜಾಗ. ಆ ಸಮುದಾಯ ಅದನ್ನು ಕೆಡವದೆ ಉಳಿಸಿಕೊಂಡಿದೆ, 2021ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ವಲಸಿಗರ ಚೌಕಗಳನ್ನು ಅಳೆದ ಬಯಲು ಖಾಲಿ ಇರಲಿಲ್ಲ. ಮೂಲನಿವಾಸಿಗಳು ಬ್ರಿಟಿಷ್ ರಾಜಪ್ರಭುತ್ವದೊಡನೆ ಮಾಡಿಕೊಂಡ 1874ರ ನಾಲ್ಕನೆಯ ಒಪ್ಪಂದದ ನೆಲ ಅದು, ಕಾಡೆಮ್ಮೆಗಳನ್ನು ನಂಬಿ ಬದುಕಿದವರ ನೆಲ. ಮಗನಿಗೆ ಇದನ್ನೂ ಹೇಳಿ, ಅವನ ವಯಸ್ಸಿಗೆ ತಕ್ಕಂತೆ.

ಮಳೆ ಬಂದ ಮರುದಿನ ಡಾಂಬರು ಬಿಟ್ಟು ಇಳಿಯಬೇಡಿ. ಅಲ್ಲಿಯವರು ಗಂಬೋ ಎನ್ನುವ ಜೇಡಿಮಣ್ಣು ನಮ್ಮ ಎರೆಮಣ್ಣಿನಂತೆಯೇ ಚಕ್ರಕ್ಕೆ ಮೆತ್ತಿ ಗಾಡಿಯನ್ನು ಹೂತುಬಿಡುತ್ತದೆ. ಜಲ್ಲಿರಸ್ತೆಯಲ್ಲಿ ಎದುರು ಗಾಡಿ ಬಂದರೆ ವೇಗ ತಗ್ಗಿಸಿ, ಗಾಜು ಉಳಿಯುತ್ತದೆ. ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಬೇಡಿ, ಬಿಸಿ ಸೈಲೆನ್ಸರಿನಿಂದ ಬೆಂಕಿ ಹತ್ತುತ್ತದೆ. ಹಳಿಯ ಮೇಲೆ ನಿಂತು ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಎಲಿವೇಟರಿನ ಒಳಗನ್ನು ನೋಡಲೇಬೇಕೆಂದರೆ ಮ್ಯಾನಿಟೋಬಾದ ಇಂಗ್ಲಿಸ್‌ನಲ್ಲಿ ಐದು ಎಲಿವೇಟರ್‌ಗಳ ಸಾಲನ್ನು ರಾಷ್ಟ್ರೀಯ ತಾಣವಾಗಿ ಕಾಪಾಡಿದ್ದಾರೆ. ಮುಂದಿನ ದೀರ್ಘ ವಾರಾಂತ್ಯಕ್ಕೆ ಇಟ್ಟುಕೊಳ್ಳಿ.

ಜುಲೈ ರಜೆಯವರೆಗೆ ಕಾಯದೆ ಜೂನ್ ಮೊದಲ ವಾರಗಳ ಯಾವುದಾದರೂ ಶನಿವಾರ ಹೊರಡಿ. ಆಗ ಲೈಲಾಕ್ ಹೂ ಬಿಟ್ಟಿರುತ್ತದೆ. ಮನೆ ಎಲ್ಲಿತ್ತು ಎಂಬುದು ರಸ್ತೆಯಿಂದಲೇ ಕಾಣುತ್ತದೆ, ಒಳಗೆ ಕಾಲಿಡಬೇಕಾಗಿಲ್ಲ.

– ಸಂಪಾದಕ