ಮೊದಲು ಕಣದಲ್ಲಿ ದೋಣಿ ಬರೆಯಿರಿ

ಓದುಗರ ಪತ್ರ:

"ನಮ್ಮದು ಸಕಲೇಶಪುರದ ಹತ್ತಿರ 5 ಎಕರೆ ಕಾಫಿ ತೋಟ. ಎರಡು ವರ್ಷದಿಂದ ನಮ್ಮನೆಯವರ ತಲೆಯಲ್ಲಿ ಹಾಯಿದೋಣಿ ಕೂತಿದೆ. ತೋಟ ಮಾರಿ 38 ಅಡಿಯ ಸೆಕೆಂಡ್ ಹ್ಯಾಂಡ್ ದೋಣಿ ತಗೊಂಡು, ನಾಲ್ಕೂ ಜನ ಅದರಲ್ಲೇ ಇದ್ದುಬಿಡೋಣ ಅಂತಾರೆ. ಮಗನಿಗೆ 11, ಮಗಳಿಗೆ 7. ನಡುಮನೆ ತುಂಬ ಹಗ್ಗ, ಲೈಫ್ ಜಾಕೆಟ್, ಒಂದು ಲಂಗರು ಕೂಡ ಬಂದಿದೆ. 'ನಿನ್ನ ಕೆಲಸ ಅಡುಗೆ, ಮಕ್ಕಳು. ದೋಣಿ ನಾನು ನೋಡ್ಕೋತೀನಿ' ಅಂತಾರೆ. ಅತ್ತೆ ಮಾತು ಬಿಟ್ಟಿದ್ದಾರೆ. ನಾನು ಹೂಂ ಅನ್ನಲೋ, ಉಹೂಂ ಅನ್ನಲೋ? ಬೆಕ್ಕನ್ನೂ ಕರ್ಕೊಂಡು ಹೋಗಬಹುದಾ ಅಂತ ಮಗಳು ಕೇಳಿದ್ದಾಳೆ."

ಸಂಪಾದಕರ ಉತ್ತರ:

ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಆದರೂ ನಿಮ್ಮ ಊರಿನವರಿಗೆ ಗೊತ್ತಾಗೇ ಆಗುತ್ತದೆ. ನಡುಮನೆಯಲ್ಲಿ ಲಂಗರು ಇಟ್ಟುಕೊಂಡಿರುವ ಮನೆ ಸಕಲೇಶಪುರದ ಕಡೆ ಇನ್ನೊಂದು ಇರಲಾರದು.

ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಪುಟ ಕಟ್ಟುವ ಹುಡುಗ "ಘಟ್ಟದ ಮೇಲಿನವರಿಗೆ ಸಮುದ್ರ ಯಾಕೆ ಸಾರ್?" ಎಂದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಮ್ಮ ಘಟ್ಟಕ್ಕೆ ಕಾಫಿ ಬಂದಿದ್ದೇ ಸಮುದ್ರದ ಮೇಲೆ. ಬಾಬಾ ಬುಡನ್ ಯೆಮೆನ್‌ನ ಮೋಖಾದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಊರಿದರು ಎಂಬ ಕಥೆ ನೀವೂ ಕೇಳಿರುತ್ತೀರಿ. ಆಗ ಸಮುದ್ರ ದಾಟಲು ಹಾಯಿ ಹಡಗು ಬಿಟ್ಟರೆ ಬೇರೆ ಇರಲಿಲ್ಲ. ನಮ್ಮ ಕಾಫಿ ಯೂರೋಪಿಗೆ ಹೋಗಿದ್ದೂ ಹಾಗೇ. ಆಫ್ರಿಕಾ ಸುತ್ತಿಕೊಂಡು ತಿಂಗಳುಗಟ್ಟಲೆ ಹೋಗುವ ಹಡಗಿನ ಹೊಟ್ಟೆಯಲ್ಲಿ ಬೀಜ ತೇವ ಕುಡಿದು ಊದುತ್ತಿತ್ತು, ಹಸಿರು ಹೋಗಿ ಹಳದಿಯಾಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿ ಹಡಗುಗಳು ಬಂದವು, ಬೀಜ ಬೇಗ ತಲುಪತೊಡಗಿತು. ಅಲ್ಲಿಯವರಿಗೆ ಹಳೇ ರುಚಿಯೇ ಸಿಗದಂತಾಯಿತು. ಅದಕ್ಕೇ ಇವತ್ತಿಗೂ ಮಂಗಳೂರಿನ ಗೋದಾಮುಗಳಲ್ಲಿ ಬೀಜ ಹರಡಿ ಮುಂಗಾರಿನ ಗಾಳಿ ಕುಡಿಸುತ್ತಾರೆ. ಮಾನ್ಸೂನ್ಡ್ ಮಲಬಾರ್ ಎಂದು ಮಾರುವುದು ಅದನ್ನೇ. ಹಾಗಾಗಿ ನಿಮ್ಮ ಯಜಮಾನರಿಗೆ ಹುಚ್ಚು ಹಿಡಿದಿದೆ ಎಂದು ನಾನಂತೂ ಬರೆಯುವುದಿಲ್ಲ.

ನನ್ನನ್ನು ಚುಚ್ಚಿದ್ದು ನಿಮ್ಮ ಪತ್ರದ ಒಂದೇ ಸಾಲು. "ನಿನ್ನ ಕೆಲಸ ಅಡುಗೆ, ಮಕ್ಕಳು. ದೋಣಿ ನಾನು ನೋಡ್ಕೋತೀನಿ." ಇದು ಮಾಮೂಲು ಮಾತು ಅನ್ನೋ ಹಾಗೆ ಬರೆದು ನೀವು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ.

ಒಂದು ರಾತ್ರಿ ಹೀಗಾಯಿತು ಅಂದುಕೊಳ್ಳಿ. ಗಾಳಿ ಜಾಸ್ತಿಯಾಗಿದೆ. ಅವರು ಹಾಯಿ ಇಳಿಸಲು ಮುಂದಕ್ಕೆ ಹೋಗುತ್ತಾರೆ. ಕಾಲು ಜಾರುತ್ತದೆ. ದೋಣಿಯ ವೇಗ 5 ನಾಟ್, ಅಂದರೆ ಗಂಟೆಗೆ ಸುಮಾರು 9 ಕಿ.ಮೀ. ಹುಡುಗರು ಸೈಕಲ್ ತುಳಿಯುವಷ್ಟೂ ಇಲ್ಲ. ಆದರೂ ಒಂದು ನಿಮಿಷದಲ್ಲಿ ಅದು 150 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಅನ್ನುವುದು ಅದಕ್ಕಿಲ್ಲ. ಅಲೆಗಳ ನಡುವೆ ಮನುಷ್ಯನ ತಲೆ ಕಾಣುವುದು ಒಂದು ತೆಂಗಿನಕಾಯಿಯಷ್ಟು, ಅದೂ ಹಗಲಾದರೆ. ಈಗ ದೋಣಿಯಲ್ಲಿ ಉಳಿದ ದೊಡ್ಡವರು ನೀವೊಬ್ಬರೇ. ದೋಣಿ ತಿರುಗಿಸುವವರು ಯಾರು?

ತಿರುಗಿಸಿ ಹತ್ತಿರ ಬಂದಿರಿ ಅಂತಲೇ ಇಟ್ಟುಕೊಳ್ಳೋಣ. ಒದ್ದೆ ಬಟ್ಟೆಯಲ್ಲಿ 80 ಕಿಲೋ ತೂಗುವ ಮನುಷ್ಯನನ್ನು ಮೇಲೆ ಎತ್ತಬೇಕು. ದೋಣಿಯ ಅಂಚು ನೀರಿನಿಂದ ಒಂದು ಮೀಟರಿಗಿಂತ ಎತ್ತರ. ಕೈಹಿಡಿದು ಎಳೆದರೆ ಆಗುವ ಕೆಲಸ ಅಲ್ಲ. ಹಾಯಿ ಏರಿಸುವ ಹಗ್ಗವನ್ನೇ ಅವರ ಎದೆಗೆ ಕಟ್ಟಿದ ಸುರಕ್ಷತಾ ಪಟ್ಟಿಗೆ ಸಿಕ್ಕಿಸಿ, ವಿಂಚ್ ಎಂಬ ಹಗ್ಗ ಎಳೆಯುವ ರಾಟೆ ತಿರುಗಿಸಿ ಎತ್ತಬೇಕು. ತೋಟದಲ್ಲಿ ದಿಮ್ಮಿ ಎತ್ತಲು ಚೈನ್ ಪುಲ್ಲಿ ಹಾಕುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಉಪಾಯ. ಶಕ್ತಿ ಬೇಡ, ಅಭ್ಯಾಸ ಬೇಕು. ಅಡುಗೆಮನೆಯಲ್ಲೇ ಇದ್ದವರಿಗೆ ಆ ಅಭ್ಯಾಸ ಎಲ್ಲಿಂದ ಬರಬೇಕು?

ಇದು ಪುಸ್ತಕ ಓದಿ ಹೇಳುತ್ತಿರುವುದಲ್ಲ. ಕೆಲವು ವರ್ಷಗಳ ಹಿಂದೆ ಗೆಳೆಯನೊಬ್ಬನ ಪುಟ್ಟ ಹಾಯಿದೋಣಿಯಲ್ಲಿ ಗೋವಾದಿಂದ ಕಾರವಾರಕ್ಕೆ ಹೊರಟಿದ್ದೆ. ನಾನು ಸುಮ್ನೆ ಕೂತು ಬರುವವನು, ಫೋಟೋ ತೆಗೆಯುವವನು. ಮಧ್ಯಾಹ್ನದ ಹೊತ್ತಿಗೆ ಗೆಳೆಯನಿಗೆ ಹೊಟ್ಟೆ ಕೆಟ್ಟು, ವಾಂತಿ ಮಾಡಿ ಮಾಡಿ ಎದ್ದು ನಿಲ್ಲದಂತಾದ. ಚುಕ್ಕಾಣಿಯ ಕೋಲು ನನ್ನ ಕೈಗೆ ಬಂತು. ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ ಎಂದು ತಿಳಿಯಲು ನನಗೆ ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಹಾಯಿ ಗಾಳಿ ಬಿಟ್ಟು, ಒದ್ದೆ ಕಂಬಳಿ ಕೊಡವಿದ ಹಾಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ರೇಡಿಯೋ ಎದುರಿಗೇ ಇತ್ತು. ಯಾವ ಗುಂಡಿ ಒತ್ತಬೇಕು ಅಂತ ಗೊತ್ತಿಲ್ಲ. ಗೆಳೆಯ ಮಲಗಿದಲ್ಲಿಂದಲೇ ಒಂದೊಂದೇ ಹೇಳಿಕೊಟ್ಟ, ಕತ್ತಲಾಗುವ ಮೊದಲು ಕಾರವಾರದ ದೀಪ ಕಂಡಿತು. ಅವನಿಗೆ ಮಾತೂ ನಿಂತಿದ್ದರೆ? ಆವತ್ತು ನನ್ನ ಕೈ ನಡುಗಿದ್ದು ಮನೆಗೆ ಬಂದ ಮೇಲೂ ನೆನಪಿತ್ತು.

ಹಾಗಾಗಿ ನನ್ನ ಉತ್ತರ ಹೂಂ ಅಲ್ಲ, ಉಹೂಂ ಕೂಡ ಅಲ್ಲ. ಒಂದು ಷರತ್ತು. ಯಜಮಾನರು ಕಣ್ಣುಮುಚ್ಚಿ ಮಲಗಿದ್ದರೂ ದೋಣಿಯನ್ನು ನೀವೊಬ್ಬರೇ ದಡಕ್ಕೆ ತರಬಲ್ಲಿರಿ ಅನ್ನುವ ದಿನ ಹೂಂ ಅನ್ನಿ. ಅಲ್ಲಿಯವರೆಗೆ ತೋಟದ ಪತ್ರಕ್ಕೆ ಸಹಿ ಬೇಡ.

ನನ್ನಿಂದ ಆಗುತ್ತಾ ಅನ್ನಬೇಡಿ. 2017ರಲ್ಲಿ ನಮ್ಮ ನೌಕಾಪಡೆಯ ಆರು ಹೆಣ್ಣುಮಕ್ಕಳು 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟು, ಭೂಮಿ ಸುತ್ತಿ 2018ರ ಮೇ ತಿಂಗಳಲ್ಲಿ ವಾಪಸ್ ಬಂದರು. ದೋಣಿಯ ಉದ್ದ 55 ಅಡಿ. 2024ರ ಅಕ್ಟೋಬರಿನಲ್ಲಿ ಅದೇ ದೋಣಿಯಲ್ಲಿ ಹೊರಟವರು ಇಬ್ಬರೇ, ದಿಲ್ನಾ ಮತ್ತು ರೂಪಾ. ಅವರೂ ಸುತ್ತಿ ಬಂದರು. ಅವರದು ವರ್ಷಗಟ್ಟಲೆಯ ತರಬೇತಿ, ನಿಜ. ನಿಮಗೆ ಭೂಮಿ ಸುತ್ತುವುದು ಬೇಕಿಲ್ಲ, ಕೊಚ್ಚಿವರೆಗೆ ಹೋಗಿಬರುವಷ್ಟು ಕಲಿತರೆ ಸಾಕು. ಕಲಿಯಲು ಸಮುದ್ರವೇ ಆಗಬೇಕೆಂದೂ ಇಲ್ಲ. ಸಮುದ್ರವೇ ಇಲ್ಲದ ಹೈದರಾಬಾದಿನ ಹುಸೇನ್ ಸಾಗರದಲ್ಲಿ ಹಾಯಿದೋಣಿಯ ರಾಷ್ಟ್ರೀಯ ಸ್ಪರ್ಧೆಗಳೇ ನಡೆಯುತ್ತವೆ. ಗಂಡ ಹೆಂಡತಿ ಇಬ್ಬರೂ ಕಲಿಯಲು ಸೇರಿಕೊಳ್ಳಿ. ಆದರೆ ಒಂದೇ ದೋಣಿಯಲ್ಲಿ ಬೇಡ. ಗಂಡ ಪಕ್ಕದಲ್ಲಿದ್ದರೆ ಚುಕ್ಕಾಣಿ ನಿಮ್ಮ ಕೈಗೆ ಬರುವುದಿಲ್ಲ. ಕಾರು ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಇನ್ನು ಖರ್ಚಿಲ್ಲದ ಒಂದು ಪರೀಕ್ಷೆ. ಕಾಫಿ ಒಣಗಿಸುವ ಕಣ ಈಗ ಖಾಲಿ ಇರಬೇಕು. ಸುಣ್ಣದಲ್ಲಿ 38 ಅಡಿ ಉದ್ದ, 12 ಅಡಿ ಅಗಲದ ದೋಣಿ ಬರೆಯಿರಿ. ಮುಂದಿನ ತುದಿ ಚೂಪಾಗಿರಲಿ. ಹಿಂದಿನ ಕಾಲು ಭಾಗ ಬಯಲು, ಕೂರುವ ಜಾಗ. ಉಳಿದದ್ದರಲ್ಲಿ ಎರಡು ಮಲಗುವ ಗೂಡು, ಮಂಚದಗಲದ ಅಡುಗೆ ಜಾಗ, ಬಚ್ಚಲು ಮತ್ತು ಪಾಯಿಖಾನೆ ಸೇರಿದ ಒಂದು ಮೂಲೆ. ಶನಿವಾರ, ಭಾನುವಾರ ನಾಲ್ಕೂ ಜನ ಆ ಗೆರೆಯೊಳಗೇ ಇರಿ. ಗೆರೆ ದಾಟಿದವರು ಸಮುದ್ರಕ್ಕೆ ಬಿದ್ದ ಲೆಕ್ಕ. ಎರಡು ದಿನಕ್ಕೆ ಒಂದು ಡ್ರಮ್ ನೀರು ಮಾತ್ರ, 200 ಲೀಟರ್. ಹಳ್ಳಿಮನೆಗೆ ನಲ್ಲಿ ಕೊಡುವ ಸರ್ಕಾರದ ಲೆಕ್ಕವೇ ಒಬ್ಬರಿಗೆ ದಿನಕ್ಕೆ 55 ಲೀಟರ್. ನಿಮಗೆ ಅದರ ಅರ್ಧವೂ ಸಿಗುವುದಿಲ್ಲ. ದೋಣಿಯಲ್ಲಿ ಇರುವವರಿಗೆ ಇಷ್ಟೂ ಐಷಾರಾಮವೇ. ಪಾತ್ರೆಯನ್ನು ಸಮುದ್ರದ ನೀರಲ್ಲಿ ಬೆಳಗಿ, ಕೊನೆಗೆ ಒಂದು ಚೊಂಬು ಸಿಹಿನೀರು ಸುರಿಯುತ್ತಾರೆ. ಭಾನುವಾರ ಸಂಜೆ ಯಾರು ಯಾರ ಹತ್ತಿರ ಮಾತಾಡುತ್ತಿದ್ದಾರೆ ನೋಡಿ, ಆಮೇಲೆ ನನಗೆ ಬರೆಯಿರಿ.

ಅಡುಗೆಯ ಮಾತು. ದೋಣಿಯ ಒಲೆ ತೊಟ್ಟಿಲ ಹಾಗೆ ತೂಗುತ್ತದೆ. ದೋಣಿ ವಾಲಿದರೂ ಪಾತ್ರೆ ನೇರ ನಿಲ್ಲಲಿ ಅಂತ. ಮುದ್ದೆಗೆ ಇದು ಆಗಿಬರುವುದಿಲ್ಲ. ಕೋಲು ಹಾಕಿ ತಿರುವಿದರೆ ಒಲೆಯೇ ತಿರುಗಿ ನಿಮ್ಮ ಮೇಲೆ ಬರುತ್ತದೆ. ಹಾಸನದವನಾಗಿ ಇದನ್ನು ಬರೆಯಲು ನನಗೇ ಸಂಕಟ. ಲಂಗರು ಹಾಕಿದ ದಿನ ಮುದ್ದೆ, ಚಲಿಸುವಾಗ ಕುಕ್ಕರ್. ಮುಚ್ಚಳ ಬಿಗಿಯಾಗಿರುವುದರಿಂದ ಉರುಳಿದರೂ ಚೆಲ್ಲುವುದಿಲ್ಲ.

ಗ್ಯಾಸ್ ವಿಷಯ ಮಾತ್ರ ನಗುವಂಥದ್ದಲ್ಲ. ನಾವು ಅಡುಗೆಗೆ ಬಳಸುವ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ತೆರೆದಾಗ ಕೆಳಗಿಂದ ಹೊರಗೆ ಹೋಗುತ್ತದೆ. ದೋಣಿ ಅಂದರೆ ಮುಚ್ಚಿದ ಬೋಗುಣಿ. ಸೋರಿದ್ದು ತಳದಲ್ಲಿ ಕೂತಿರುತ್ತದೆ. ಬೆಳಿಗ್ಗೆ ಇಂಜಿನ್ ಚಾಲು ಮಾಡಿದಾಗ ಒಂದು ಕಿಡಿ ಸಾಕು. ಅದಕ್ಕೇ ಸಿಲಿಂಡರನ್ನು ಒಳಗೆ ಇಡುವುದಿಲ್ಲ. ಮೇಲೆ ಬೇರೆ ಪೆಟ್ಟಿಗೆ ಮಾಡಿ, ಅದರ ತಳದಲ್ಲಿ ಹೊರಕ್ಕೆ ತೂತು ಬಿಟ್ಟಿರುತ್ತಾರೆ. ಅಡುಗೆ ಮುಗಿದಾಗ ಮೊದಲು ಸಿಲಿಂಡರಿನ ವಾಲ್ವ್ ಮುಚ್ಚಿ, ಪೈಪಿನಲ್ಲಿದ್ದದ್ದು ಉರಿದು ಆರಿದ ಮೇಲೆ ಒಲೆಯ ಗುಂಡಿ ತಿರುಗಿಸಬೇಕು. ಯಜಮಾನರು ದೋಣಿ ನೋಡಲು ಹೋದಾಗ ನೀವೂ ಹೋಗಿ ಆ ಪೆಟ್ಟಿಗೆ ತೆಗೆಸಿ ನೋಡಿ. ಹಾಯಿಯ ಬಣ್ಣ ಅವರು ನೋಡಲಿ.

ಒಂದು ವಿಷಯದಲ್ಲಿ ಮಾತ್ರ ನೀವು ಅವರಿಗಿಂತ ಮುಂದಿದ್ದೀರಿ. ಮಳೆಗಾಲಕ್ಕೆ ಮನೆ ಸಜ್ಜು ಮಾಡಿಕೊಳ್ಳುವುದು ಮಲೆನಾಡಿನವರಿಗೆ ಯಾರೂ ಕಲಿಸಬೇಕಿಲ್ಲ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಉಪ್ಪುನೀರಲ್ಲಿ ಹಾಕಿಟ್ಟ ಹಲಸಿನ ಸೊಳೆ. ಫ್ರಿಡ್ಜ್ ಇಲ್ಲದೆ, ಅಂಗಡಿಗೆ ಹೋಗದೆ ತಿಂಗಳು ದೂಡುವ ಅಡುಗೆ ಇದು. ಬಟ್ಟೆಗೆ, ಚಪ್ಪಲಿಗೆ ಬೂಷ್ಟು ಹಿಡಿಯುವುದು ಕೂಡ ನಿಮಗೆ ಹೊಸದಲ್ಲ. ದೋಣಿಯಲ್ಲಿ ಅದು ವರ್ಷವಿಡೀ, ಅಷ್ಟೇ.

ಈಗ ತೋಟ. ಇಲ್ಲಿ ಒಂದು ತೊಡಕಿದೆ, ನಿಮ್ಮ ಮನೆಯಲ್ಲಿ ಇದರ ಲೆಕ್ಕ ಹಾಕಿದ ಹಾಗೆ ಕಾಣಲಿಲ್ಲ. ನಮ್ಮ ಕರಾವಳಿಯಲ್ಲಿ ಹಾಯಿದೋಣಿಗೆ ಒಳ್ಳೆಯ ಕಾಲ ನವೆಂಬರಿನಿಂದ ಮಾರ್ಚ್. ಬೆಳಿಗ್ಗೆ ನೆಲದ ಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಸಮುದ್ರದ ಗಾಳಿ. ಮಂಗಳೂರಿನಿಂದ ಕೊಚ್ಚಿಗೆ ಸುಮಾರು 350 ಕಿ.ಮೀ., ರೈಲಿನಲ್ಲಿ ಒಂದು ರಾತ್ರಿ, ಹಾಯಿಯಲ್ಲಿ ಒಂದೂವರೆ ದಿನ. ಆದರೆ ಅದೇ ನವೆಂಬರಿನಿಂದ ನಿಮ್ಮ ತೋಟದಲ್ಲಿ ಹಣ್ಣು ಕೊಯ್ಲು! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಸ್ವಲ್ಪ ಬಿಡುವು ಅಂದರೆ, ಆಗ ಸಮುದ್ರದ ಬಾಗಿಲು ಮುಚ್ಚಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಂಗಳೂರು ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊರುವ ಮಂಜಿ ಎಂಬ ಮರದ ಹಡಗುಗಳೂ ಮಳೆಗಾಲದಲ್ಲಿ ನಿಂತಿರುತ್ತವೆ. ಹುಟ್ಟಿದಾಗಿನಿಂದ ಅಲೆ ನೋಡಿದ, ದೋಣಿ ನಡೆಸುವ ತಂಡೇಲರೇ ಹೋಗದ ಕಾಲದಲ್ಲಿ ನೀವು ಹೋಗುವುದು ಬೇಡ.

ಅಂದರೆ ವರ್ಷದಲ್ಲಿ ನಾಲ್ಕು ತಿಂಗಳು ದೋಣಿಯನ್ನು ಎಲ್ಲಾದರೂ ಕಟ್ಟಿ ಹಾಕಲೇಬೇಕು. ಕೊಚ್ಚಿಯ ಬೋಳ್ಗಾಟ್ಟಿ ದ್ವೀಪದಲ್ಲಿ ಅದಕ್ಕೆಂದೇ ಮರೀನಾ ಇದೆ. ಆ ನಾಲ್ಕು ತಿಂಗಳು ನಿಮಗೆ ಒಂದು ಮನೆ ಬೇಡವೇ? ಅದಕ್ಕೇ ತೋಟ ಮಾರಬೇಡಿ ಅನ್ನುತ್ತಿರುವುದು. ಎರಡು ವರ್ಷಕ್ಕೆ ನಂಬಿಕೆಯವರಿಗೆ ಗುತ್ತಿಗೆ ಕೊಡಿ. ದೋಣಿ ಸಣ್ಣದಾದರೂ ಪರವಾಗಿಲ್ಲ. ದೋಣಿಯ ಬೆಲೆಯ ಹತ್ತರಲ್ಲೊಂದು ಭಾಗ ಪ್ರತಿ ವರ್ಷ ರಿಪೇರಿಗೆ ಹೋಗುತ್ತದೆ ಎಂದು ಹಾಯಿದೋಣಿಯವರೇ ಲೆಕ್ಕ ಹಾಕುತ್ತಾರೆ. ತೋಟ ಗೊಬ್ಬರ ತಿಂದರೂ ಹಣ್ಣು ಕೊಡುತ್ತದೆ. ದೋಣಿ ಬರೀ ತಿನ್ನುತ್ತದೆ.

ಮಕ್ಕಳ ಓದಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ. 14 ತುಂಬಿದರೆ ಅಲ್ಲಿ ಹತ್ತನೇ ತರಗತಿಗೆ ಸೇರಬಹುದು, ಮಗನಿಗೆ ಇನ್ನೂ ಮೂರು ವರ್ಷ ಇದೆ. ನನಗೆ ಓದಿಗಿಂತ ಲೈಫ್ ಜಾಕೆಟ್ ಮುಖ್ಯ. ಮಗಳ ಜಾಕೆಟ್ಟಿಗೆ ಕಾಲುಗಳ ನಡುವೆ ಬರುವ ಪಟ್ಟಿ ಇದೆಯಾ ನೋಡಿ. ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಬರುತ್ತದೆ, ಮಗು ಕೆಳಗೆ ಜಾರುತ್ತದೆ. ಕೊರಳ ಹಿಂದೆ ದಪ್ಪ ಕಾಲರ್ ಇರಬೇಕು, ಮುಖ ಮೇಲಾಗಲಿ ಅಂತ. ಈಜುಕೊಳದಲ್ಲಿ ನೀವೂ ಇಳಿದು ತೇಲಿಸಿ ನೋಡಿ. ಎಲ್ಲರಿಗೂ, ಏಳು ವರ್ಷದವಳಿಗೂ, ರೇಡಿಯೋದ 16ನೇ ಚಾನೆಲ್ಲಿನಲ್ಲಿ ಮೂರು ಸಲ 'ಮೇಡೇ' ಹೇಳಿ ದೋಣಿಯ ಹೆಸರು, ಇರುವ ಜಾಗ ಹೇಳಲು ಬರಬೇಕು. ಕರಾವಳಿ ಕಾವಲು ಪಡೆಯ ಫೋನ್ ನಂಬರ್ 1554. ಫೋನ್ ಸಿಗುವುದು ದಡದ ಹತ್ತಿರ ಮಾತ್ರ.

ವಾಂತಿಯ ಬಗ್ಗೆ ನೀವು ಕೇಳಿಲ್ಲ. ಶಿರಾಡಿ ಘಾಟಿಯಲ್ಲಿ ನಿಮ್ಮ ಮನೆಯಲ್ಲಿ ಯಾರು ಕವರ್ ಹಿಡಿದು ಕೂರುತ್ತಾರೆ? ಸಮುದ್ರದಲ್ಲಿ ಮೊದಲು ಮಲಗುವವರು ಅವರೇ ಇರಬಹುದು. ಅದು ಯಜಮಾನರೇ ಆಗಿದ್ದರೆ ಈ ಪತ್ರವನ್ನು ಮೊದಲಿನಿಂದ ಇನ್ನೊಮ್ಮೆ ಓದಿ.

ಅತ್ತೆಯವರ ಮೌನಕ್ಕೆ ನನ್ನ ಹತ್ತಿರ ಔಷಧಿ ಇಲ್ಲ. ತೋಟ ಮಾರುವುದಿಲ್ಲ ಎಂದು ಹೇಳಿ ನೋಡಿ, ಒಂದೆರಡು ಮಾತು ಬರಬಹುದು.

ಬೆಕ್ಕು ಬರಬಹುದು ಎಂದು ಮಗಳಿಗೆ ಹೇಳಿ. ಹಿಂದೆ ಹಡಗುಗಳಲ್ಲಿ ಇಲಿ ಹಿಡಿಯಲು ಬೆಕ್ಕು ಸಾಕುತ್ತಿದ್ದರು. ಬೇರೆ ದೇಶಕ್ಕೆ ಹೋದರೆ ಅದಕ್ಕೂ ಚುಚ್ಚುಮದ್ದು, ಕಾಗದಪತ್ರ ಬೇಕಾಗುತ್ತದೆ. ಲಂಗರು ಹಾಕಿ ನಿಂತಾಗ ದೋಣಿಯ ಅಂಚಿನಿಂದ ನೀರು ಮುಟ್ಟುವ ಹಾಗೆ ಒರಟು ಬಟ್ಟೆ ಏನಾದರೂ ಇಳಿಬಿಟ್ಟಿರಬೇಕು. ಬಿದ್ದ ಬೆಕ್ಕು ಉಗುರು ಸಿಕ್ಕಿಸಿಕೊಂಡು ತಾನೇ ಹತ್ತಿ ಬರುತ್ತದೆ. ಕಾಫಿ ತುಂಬುವ ಗೋಣಿಚೀಲ ಇದಕ್ಕೆ ಸರಿಯಾಗುತ್ತದೆ. ಎರಡು ಚೀಲ ಈಗಲೇ ತೆಗೆದಿಡಲು ಹೇಳಿ.